‘ಸರಿಯಾಗಿದೆ’ ಎನ್ನುವವರಿಗೆ ಶೂ ಹುಡುಕಿದ್ದು

ಮೂವತ್ತೆರಡನೇ ವಯಸ್ಸಿನಲ್ಲಿ ನಿವೃತ್ತಿಯ ಮಾತು ಬರೆಯುತ್ತಿದ್ದೇನೆಂದರೆ ನಮ್ಮ ಅಮ್ಮಿ ನಗುತ್ತಾರೆ. ನಗಲಿ. ಓಟದ ಶೂ ಮಾರುವ ಅಂಗಡಿಯಲ್ಲಿ ಗಿರಾಕಿಯ ಮುಂದೆ ಮಂಡಿಯೂರಿ ಕಾಲಿಗೆ ಶೂ ಹೊಂದಿಸುವವರ ಸರ್ವಿಸ್ ಮುಗಿಯಿತೋ ಇಲ್ಲವೋ ಎಂದು ತೀರ್ಮಾನಿಸುವುದು ಮೊಣಕಾಲು. ನನ್ನ ಬಲಮೊಣಕಾಲು ತೀರ್ಮಾನ ಹೇಳಿಯಾಗಿದೆ. 2021ರ ವಸಂತದಲ್ಲಿ ಲಾಸ್ ಏಂಜಲೀಸ್‌ನ ಕಲ್ವರ್ ಸಿಟಿಯ ಅಂಗಡಿಗೆ ಸೇರಿದವಳು 2025ರ ಬೇಸಿಗೆಯಲ್ಲಿ ಸ್ಯಾನ್ ಡಿಯಾಗೋದ ಸೊರೆಂಟೊ ವ್ಯಾಲಿಯ ಶಾಖೆಯಿಂದ ಹೊರಬಂದೆ. ನಡುವೆ ಒಂದು ಬಡ್ತಿಯೂ ಸಿಕ್ಕಿತು. ಅದರಿಂದ ಪರ್ಸಿನಲ್ಲಿ ಅಂಗಡಿಯ ಒಂದು ಬೀಗದಕೈ ಹೆಚ್ಚಾಯಿತು, ಅಷ್ಟೆ.

ದಿನವೂ ಮನೆಗೆ ಬಂದು ಬರೆದಿಡುವ ಅಭ್ಯಾಸ ನನಗೆ ಮೈಸೂರಿನ ಶಾಲೆಯ ಕಾಲದಿಂದ ಇದೆ. ಎಷ್ಟು ಜೋಡಿ ಹೋದವು, ಎಷ್ಟು ವಾಪಸ್ ಬಂದವು, ಯಾಕೆ ಬಂದವು, ಎಲ್ಲ ಇದೆ. ಈಗ ನಮ್ಮವರ ಮಕ್ಕಳು ಕಾಲೇಜಿನ ಜೊತೆಗೆ ಇಂಥ ಅಂಗಡಿಗಳಲ್ಲಿ ಪಾರ್ಟ್ ಟೈಮ್ ಸೇರುತ್ತಿದ್ದಾರೆ. ‘ಅಕ್ಕಾ, ಈ ಕೆಲಸದಲ್ಲಿ ಕಲಿಯೋಕೆ ಏನಿದೆ?’ ಎಂದು ಅವರಲ್ಲಿಬ್ಬರು ಕೇಳಿದರು. ಟ್ರೈನಿಂಗ್ ವಿಡಿಯೊದಲ್ಲಿ ಇರುವುದನ್ನು ನಾನು ಹೇಳುವುದಿಲ್ಲ. ಅದನ್ನು ಅಂಗಡಿಯವರೇ ತೋರಿಸುತ್ತಾರೆ, ಎರಡೆರಡು ಸಲ.

ನನ್ನ ಮೊದಲ ಮ್ಯಾನೇಜರ್ ಮಾರ್ಲಾ. ಒಂದು ಕಾಲದಲ್ಲಿ ದೂರದ ಓಟಗಾರ್ತಿ. ಎರಡೂ ಹೆಬ್ಬೆರಳ ಉಗುರು ಬಿದ್ದು ಮತ್ತೆ ಬೆಳೆದು ಡೊಂಕಾಗಿದ್ದವು. ಮೊದಲ ದಿನವೇ ನನ್ನ ಕೈಗೆ ಗುಡ್ಡದ ದಾರಿಗೆ ಹಾಕುವ ಒಂದು ಟ್ರೇಲ್ ಶೂ ಕೊಟ್ಟು, ‘ಇದನ್ನು ಹಿಂಡು’ ಎಂದಳು. ಹಿಂಡಿದೆ. ಮುಂಭಾಗ ಬೆರಳುಗಳು ಮಡಚುವ ಜಾಗದಲ್ಲಿ ಮಾತ್ರ ಬಾಗಿತು, ನಡುವೆ ಗಟ್ಟಿಯಾಗಿ ನಿಂತಿತು. ‘ನಡುವೆ ಮಡಚಿದರೆ ವಾಪಸ್ ಇಡು. ಕಲ್ಲಿನ ದಾರಿಯಲ್ಲಿ ಪಾದ ಸುಸ್ತಾಗುತ್ತೆ,’ ಎಂದಳು. ಆಮೇಲೆ ಶೂ ತಿರುಗಿಸಿ ಅಡಿಯ ರಬ್ಬರ್ ಹಲ್ಲುಗಳನ್ನು ತೋರಿಸಿದಳು. ಇಲ್ಲಿನ ಗುಡ್ಡಗಳಲ್ಲಿ ಕೆಸರಿಲ್ಲ, ಒಣ ಮಣ್ಣಿನ ಮೇಲೆ ಸಣ್ಣ ಜಲ್ಲಿ. ಹಲ್ಲು ತುಂಬಾ ಉದ್ದ ಇರಬೇಕಾಗಿಲ್ಲ, ಒತ್ತೊತ್ತಾಗಿದ್ದರೆ ಸಾಕು. ನೀರು ಒಳಗೆ ಬಾರದ ಶೂಗೆ ಜನ ಹೆಚ್ಚು ದುಡ್ಡು ಕೊಡುತ್ತಾರೆ. ಇಲ್ಲಿನ ಬಿಸಿಲಿಗೆ ಅದರೊಳಗೆ ಪಾದ ಇಡ್ಲಿಯಂತೆ ಬೇಯುತ್ತದೆ. ಇಡ್ಲಿ ಎಂದದ್ದು ನಾನು, ಮಾರ್ಲಾ ಅಲ್ಲ.

ಆಕೆ ಕಲಿಸಿದ್ದರಲ್ಲಿ ನಾನು ಕೊನೆಯವರೆಗೂ ಬಿಡದೆ ಪಾಲಿಸಿದ್ದು ಇಷ್ಟು. ಅಳತೆಯನ್ನು ಸಂಜೆ ನೋಡಬೇಕು, ಬೆಳಗ್ಗೆಗಿಂತ ಸಂಜೆಗೆ ಪಾದ ಹಿಗ್ಗಿರುತ್ತದೆ. ಗಿರಾಕಿ ಗುಡ್ಡಕ್ಕೆ ಹಾಕುವ ಕಾಲುಚೀಲವನ್ನೇ ಅಂಗಡಿಗೂ ಹಾಕಿಕೊಂಡು ಬರಬೇಕು. ನಿಂತಾಗ ಉದ್ದದ ಬೆರಳಿನ ಮುಂದೆ ಒಂದು ಹೆಬ್ಬೆರಳಗಲ ಜಾಗ ಇರಬೇಕು, ಹಿಮ್ಮಡಿ ಮಾತ್ರ ಅಲ್ಲಾಡಬಾರದು. ಕೊನೆಗೆ ಅಂಗಡಿಯ ಮೂಲೆಯಲ್ಲಿರುವ ಮರದ ಇಳಿಜಾರಿನ ಮೇಲೆ ಕೆಳಮುಖವಾಗಿ ನಡೆಸಬೇಕು. ಹತ್ತುವಾಗ ಎಲ್ಲ ಶೂಗಳೂ ಒಳ್ಳೆಯವೇ. ಬಣ್ಣ ಬಯಲಾಗುವುದು ಇಳಿಯುವಾಗ.

2022ರಲ್ಲಿ ಪಾದದ ಚಿತ್ರ ತೆಗೆಯುವ ಯಂತ್ರ ಬಂತು. ಗಾಜಿನ ಮೇಲೆ ನಿಂತರೆ ಪರದೆಯಲ್ಲಿ ಪಾದ ಬಣ್ಣಬಣ್ಣವಾಗಿ ಮೂಡುತ್ತಿತ್ತು. ಜನಕ್ಕೆ ಬಹಳ ಇಷ್ಟ. ಹತ್ತಿರದ ಸಿನಿಮಾ ಸ್ಟುಡಿಯೊದಲ್ಲಿ ಕೆಲಸ ಮಾಡುವ ಒಬ್ಬರು ತಮ್ಮ ಪಾದದ ಚಿತ್ರವನ್ನು ಫೋನಿನ ಮುಖಪುಟಕ್ಕೆ ಹಾಕಿಕೊಂಡರು. ಯಂತ್ರ ಉದ್ದ, ಅಗಲ, ಒತ್ತಡ ಎಲ್ಲವನ್ನೂ ಸರಿಯಾಗಿಯೇ ಹೇಳುತ್ತಿತ್ತು. ಆದರೆ ಶೂ ಎಲ್ಲಿ ಕಚ್ಚುತ್ತಿದೆ ಎಂಬುದನ್ನು ಗಿರಾಕಿಯೇ ಬಾಯಿಬಿಟ್ಟು ಹೇಳಬೇಕಿತ್ತು. ಅಮೆರಿಕದವರು ಹೇಳುತ್ತಿದ್ದರು, ಕೇಳದಿದ್ದರೂ ಹೇಳುತ್ತಿದ್ದರು. ಬಾಯಿಬಿಡದವರ ಕಥೆ ನನಗೆ ತಿಳಿದದ್ದು 2023ರಲ್ಲಿ, ಸೊರೆಂಟೊ ವ್ಯಾಲಿಗೆ ವರ್ಗವಾದ ಮೇಲೆ.

ಸೊರೆಂಟೊ ವ್ಯಾಲಿಯ ಅಂಗಡಿಯ ಸುತ್ತ ಚಿಪ್ ಕಂಪನಿಗಳು, ಸಾಫ್ಟ್‌ವೇರ್ ಆಫೀಸುಗಳು. ಸಂಜೆಯಾದರೆ ನಮ್ಮವರೇ ಜಾಸ್ತಿ. ಕನ್ನಡ ಮಾತಾಡುವ ಹುಡುಗಿ ಇದ್ದಾಳೆಂದು ಒಬ್ಬರು ಇನ್ನೊಬ್ಬರಿಗೆ ಹೇಳಿ, ಅಂಕಲ್ ಆಂಟಿಯರೆಲ್ಲ ನನ್ನನ್ನೇ ಹುಡುಕಿ ಬರತೊಡಗಿದರು. ಮ್ಯಾನೇಜರ್ ಗ್ರೆಗ್ ಮಾರಾಟದ ಅಂಕಿ ನೋಡಿ ಖುಷಿಪಟ್ಟ. ನಾನೂ ಖುಷಿಪಟ್ಟೆ. ಆದರೆ ತಿಂಗಳ ಕೊನೆಯಲ್ಲಿ ಲೆಕ್ಕ ಹಾಕಿದಾಗ ವಾಪಸ್ ಬಂದ ಜೋಡಿಗಳಲ್ಲಿ ಮುಕ್ಕಾಲು ಪಾಲು ನಮ್ಮವರದೇ. ಬೆರಳು ಒತ್ತುತ್ತೆ, ಉಗುರು ಕಪ್ಪಾಯ್ತು, ಕಿರುಬೆರಳು ಉರಿಯುತ್ತೆ. ಎಲ್ಲರೂ ಅಂಗಡಿಯಲ್ಲಿ ನನ್ನ ಮುಂದೆ ‘ಸರಿಯಾಗಿದೆ’ ಎಂದು ತಲೆಯಾಡಿಸಿ ಹೋದವರು.

ಕಾರಣ ಪಾರ್ಕಿಂಗ್ ಲಾಟಿನಲ್ಲಿ ಸಿಕ್ಕಿತು. ಬೆಂಗಳೂರಿನ ಆಂಟಿಯೊಬ್ಬರು ಶೂ ಕೊಂಡು, ತಂಪುಕನ್ನಡಕವನ್ನು ಬೆಂಚಿನ ಮೇಲೆ ಮರೆತು ಹೋಗಿದ್ದರು. ಕೊಡಲು ಓಡಿದೆ. ಕಾರಿನ ಗಾಜು ಇಳಿದಿತ್ತು.

‘ನಿಜವಾಗ್ಲೂ ಸರಿಯಾಗಿದ್ಯೇನೇ?’ ಗಂಡ ಕೇಳುತ್ತಿದ್ದರು.

‘ಎಲ್ಲಿ ಸರಿ? ಕಿರುಬೆರಳು ಕಚ್ಚತ್ತೆ.’

‘ಮತ್ತೆ ತಲೆ ಆಡ್ಸಿದ್ಯಲ್ಲ?’

‘ಇನ್ನೇನು ಮಾಡ್ಲಿ? ಪಾಪ ಆ ಹುಡುಗಿ ನೆಲದ ಮೇಲೆ ಕೂತು ಕಾಲು ಹಿಡ್ಕೊಂಡಿತ್ತು. ಬೇಗ ಎದ್ದೇಳ್ಲಿ ಅಂತ ಸರಿಯಾಗಿದೆ ಅಂದ್ಬಿಟ್ಟೆ.’

‘ಅವಳ ಮೊಣಕಾಲಿಗೆ ನಿನ್ನ ಬೆರಳು ಬಲಿ ಕೊಟ್ಯಾ?’

‘ನೀವೇನು ಕಮ್ಮಿ? ಅವಳು ಮುಟ್ಟೋಕೆ ಬಂದ್ರೆ ಕಾಲನ್ನ ಬೆಂಚಿನ ಕೆಳಗೆ ಬಚ್ಚಿಟ್ಕೊಂಡ್ರಿ!’

ನಾನು ಕನ್ನಡಕ ಹಿಡಿದು ಅಲ್ಲೇ ನಿಂತೆ. ಶೂ ಹೊಂದಿಸಲು ನಾನು ಹೆಬ್ಬೆರಳ ತುದಿ ಒತ್ತಿ ನೋಡಬೇಕು, ಹಿಮ್ಮಡಿ ಹಿಡಿದು ಅಲ್ಲಾಡಿಸಬೇಕು. ನಮ್ಮ ಹಿರಿಯರ ಕಣ್ಣಿಗೆ ಅದು ಅಳತೆಯಾಗಿ ಕಾಣುವುದಿಲ್ಲ. ಯಾರದೋ ಮನೆಮಗಳು ಅಂಗಡಿಯ ನಡುವೆ ತಮ್ಮ ಕಾಲು ಹಿಡಿದು ಕೂತಂತೆ ಕಾಣುತ್ತದೆ. ಅವಳನ್ನು ಎಬ್ಬಿಸಲು ಇರುವ ಅತಿ ಬೇಗದ ಮಾತು ‘ಸರಿಯಾಗಿದೆ’. ಆಂಟಿಯನ್ನು ಒಳಗೆ ಕರೆದುಕೊಂಡು ಬಂದು ಅಗಲದ ಜೋಡಿ ಕೊಟ್ಟೆ. ಅವರು ನಾಚಿಕೊಂಡು, ಮುಂದಿನ ವಾರ ಡಬ್ಬಿ ತುಂಬಾ ಚಕ್ಕುಲಿ ತಂದುಕೊಟ್ಟರು. ಮುಕ್ಕಾಲು ಪಾಲು ಗ್ರೆಗ್ ತಿಂದ.

ಪಾರ್ಕಿಂಗ್ ಲಾಟಿನ ಮಾತು ಕೇಳಿದ ರಾತ್ರಿಯೇ ಮಾರ್ಲಾಗೆ ಫೋನ್ ಮಾಡಿದ್ದೆ. ‘ಮುಟ್ಟಬೇಡ ಅಂದರೆ ಮುಟ್ಟಬೇಡ,’ ಎಂದಳು. ‘ಶೂ ಒಳಗಿನ ಹಾಸು ತೆಗೆದು ನೆಲಕ್ಕೆ ಹಾಕು. ಅದರ ಮೇಲೆ ನಿಲ್ಲಿಸು.’

ಶೂ ಒಳಗೆ ಪಾದದ ಆಕಾರದ ತೆಳು ಹಾಸು ಇರುತ್ತದೆ, ಎಳೆದರೆ ಬರುತ್ತದೆ. ಅದರ ಮೇಲೆ ನಿಂತಾಗ ಬೆರಳು ಅಂಚಿನಾಚೆ ಚೆಲ್ಲಿದರೆ ಶೂ ಅಗಲ ಸಾಲದು, ಮುಂದೆ ಹೆಬ್ಬೆರಳಗಲ ಉಳಿಯದಿದ್ದರೆ ಉದ್ದ ಸಾಲದು. ನಾನು ಮುಟ್ಟಬೇಕಿಲ್ಲ, ಅವರು ಸುಳ್ಳು ಹೇಳಬೇಕಿಲ್ಲ. ಇಬ್ಬರೂ ನಿಂತುಕೊಂಡೇ ಕೆಳಗೆ ನೋಡುತ್ತೇವೆ. ಹೊಸದಾಗಿ ಸೇರುವವರು ಇದೊಂದನ್ನು ಮೊದಲ ದಿನದಿಂದಲೇ ಮಾಡಿ.

ಜೊತೆಗೆ ಲೇಸಿನ ಜಗಳವೂ ಇತ್ತು. ಮನೆಯ ಬಾಗಿಲಲ್ಲಿ ಶೂ ಬಿಡಬೇಕು, ಗೆಳೆಯರ ಮನೆಯಲ್ಲೂ ಬಿಡಬೇಕು. ಹಾಗಾಗಿ ನಮ್ಮವರು ಲೇಸನ್ನು ಒಂದೇ ಸಲ ಸಡಿಲವಾಗಿ ಗಂಟು ಹಾಕಿ, ಶೂವನ್ನು ಚಪ್ಪಲಿಯಂತೆ ಮೆಟ್ಟಿ ಬಿಚ್ಚಿ ಬಳಸುತ್ತಾರೆ. ಇಳಿಜಾರಿನಲ್ಲಿ ಪಾದ ಮುಂದಕ್ಕೆ ಜಾರಿ ಉಗುರು ಕಪ್ಪಾದರೆ ಶೂ ಚಿಕ್ಕದೆಂದು ಇನ್ನೂ ದೊಡ್ಡದನ್ನು ಕೇಳುತ್ತಾರೆ. ಒಬ್ಬರು ಹೀಗೆ ಏರುತ್ತ ಏರುತ್ತ ಮೂರು ನಂಬರ್ ಮೇಲೆ ಹೋಗಿದ್ದರು. ‘ಸರ್, ಶೂ ಬೇಡ, ಲೇಸು ಕಟ್ಟಿ ಸಾಕು’ ಎಂದು ಅವರನ್ನು ಬರಿಗೈಲಿ ಕಳಿಸಿದೆ. ಗ್ರೆಗ್ ಹುಬ್ಬೇರಿಸಿದ. ಮುಂದಿನ ವಾರ ಅವರು ಹೆಂಡತಿಗೂ ಮಗಳಿಗೂ ಶೂ ಕೊಂಡರು. ಹುಬ್ಬು ಇಳಿಯಿತು.

ಇಷ್ಟು ಹೊತ್ತಿಗೆ ಈ ಕೆಲಸ ನನಗೆ ಬರುತ್ತದೆ ಎಂಬ ಧೈರ್ಯ ಬಂದಿತ್ತು. ಹಾಗೆ ಬಂದಿದ್ದು ಒಳ್ಳೆಯದೇ ಆಯಿತು. 2024ರ ಜನವರಿಯಲ್ಲಿ ಹಿರೇಮಠ ಅಂಕಲ್ ಬಂದರು.

ಅವರು ಗದಗಿನ ಕಡೆಯವರು. ಟೆಲಿಕಾಂ ಎಂಜಿನಿಯರ್ ಆಗಿದ್ದು ನಿವೃತ್ತರಾದವರು. ಇಲ್ಲಿನ ಹತ್ತಾರು ಕನ್ನಡ ಕುಟುಂಬಗಳ ಭಾನುವಾರದ ಗುಡ್ಡದ ನಡಿಗೆಗೆ ಅವರೇ ಮುಂದಾಳು. ಯಾವ ಗುಡ್ಡ, ಎಷ್ಟು ಗಂಟೆಗೆ, ಯಾರು ಪುಳಿಯೋಗರೆ ತರಬೇಕು, ಎಲ್ಲ ಅವರ ಮಾತಿನಂತೆ. ಮುಂದಿನ ತಿಂಗಳು ಪೋವೇ ಕಡೆಯ ಐರನ್ ಮೌಂಟನ್ ಹತ್ತುವುದಿತ್ತು. ಆ ಗುಡ್ಡದ ಮೇಲ್ಭಾಗ ಬರೀ ಕಲ್ಲು. ಹೊಸ ಶೂ ಬೇಕೆಂದು ಹೆಂಡತಿ ಗಿರಿಜಾ ಆಂಟಿಯ ಜೊತೆ ಬಂದಿದ್ದರು.

ನಾನು ಬಗ್ಗುವ ಮೊದಲೇ ಅಂಕಲ್ ಕಾಲು ಹಿಂದಕ್ಕೆಳೆದುಕೊಂಡರು. ‘ಏ ತಂಗಿ, ಏಳು ಏಳು. ಕಾಲು ಮುಟ್ಟಬ್ಯಾಡ. ನಾನ ಹಾಕ್ಕೋತೀನಿ.’

‘ಮುಟ್ಟಲ್ಲ ಅಂಕಲ್. ಇದರ ಮೇಲೆ ನಿಂತ್ಕೊಳ್ಳಿ ಸಾಕು,’ ಎಂದು ಅವರು ಆರಿಸಿದ ಶೂವಿನ ಹಾಸು ತೆಗೆದು ನೆಲಕ್ಕೆ ಹಾಕಿದೆ.

ನಿಂತರು. ಕಿರುಬೆರಳೂ ಅದರ ಪಕ್ಕದ್ದೂ ಹಾಸಿನಿಂದ ಆಚೆ ಇದ್ದವು. ಆದರೂ ಶೂ ಹಾಕಿಕೊಂಡು ಇಳಿಜಾರಿನ ಮೇಲೆ ನಡೆದು, ‘ಬರೋಬ್ಬರಿ ಐತಿ’ ಎಂದರು. ಒಂದು ನಂಬರ್ ದೊಡ್ಡದು ಕೊಟ್ಟೆ. ‘ಇದೂ ಬರೋಬ್ಬರಿ ಐತಿ.’ ಅನುಮಾನ ಬಂದು ಬೇಕೆಂದೇ ಇಕ್ಕಟ್ಟಾದ ಇನ್ನೊಂದು ಜೋಡಿ ಕೊಟ್ಟೆ. ‘ಇದಂತೂ ಭಾಳ ಬರೋಬ್ಬರಿ.’

‘ಅವರಿಗೆ ಎಲ್ಲಾ ಬರೋಬ್ಬರಿನ ಇರ್ತೈತಿ ತಂಗಿ,’ ಎಂದರು ಗಿರಿಜಾ ಆಂಟಿ. ‘ಕಾಲಿಗೆ ಬೀಸೂಕಲ್ಲು ಕಟ್ಟು, ಬರೋಬ್ಬರಿ ಅಂತಾರ.’

‘ನೀ ಸುಮ್ಮನಿರ.’

ಅವರು ಆ ಜೋಡಿ ಬಿಚ್ಚಿದಾಗ ನನಗೆ ಕಂಡದ್ದು ಎಡಗಾಲಿನ ಕಾಲುಚೀಲದ ತುದಿ. ಕಿರುಬೆರಳಿನ ಹತ್ತಿರ ಕಡಲೆಯಷ್ಟು ಕಲೆ, ಕಂದು ಬಣ್ಣದ್ದು, ನಡುವೆ ಇನ್ನೂ ಹಸಿ.

‘ಅಂಕಲ್, ಇಲ್ಲಿ ನೋವಿದ್ಯಾ?’

ಅವರು ಬಗ್ಗಿ, ಬೇರೆ ಯಾರದೋ ಕಾಲನ್ನು ನೋಡಿದಂತೆ ನೋಡಿದರು. ‘ಇಲ್ಲಲ್ಲ. ಉಪ್ಪಿನಕಾಯಿ ಎಣ್ಣಿ ಬಿದ್ದಿರಬೇಕು.’

‘ಉಪ್ಪಿನಕಾಯಿ ಕಾಲಲೆ ಉಣ್ಣತೀರೇನ್ರೀ?’ ಆಂಟಿಯ ದನಿ ಏರಿತು. ಆಮೇಲೆ ಅದೇ ದನಿ ಪೂರ್ತಿ ಇಳಿಯಿತು. ನನ್ನ ಕಡೆ ತಿರುಗಿ ಹೇಳಿದರು: ‘ಸಕ್ಕರಿ ಕಾಯಿಲೆ ಹದಿನೈದು ವರ್ಷದ್ದು. ಹೋದ ವರ್ಷ ಇದಽ ಕಿರುಬಳ್ಳಿಗೆ ಹುಣ್ಣಾಗಿ ನಾಕು ತಿಂಗಳು ಮಾಯಲಿಲ್ಲ. ಇನ್ನೊಮ್ಮೆ ಆದ್ರ ಬಳ್ಳು ತಗೀಬೇಕಾಗ್ತೈತಿ ಅಂದಾರ ಡಾಕ್ಟರು. ಇವರು ಅದನ್ನ ಯಾರ ಮುಂದೂ ಹೇಳಗೊಡೂದಿಲ್ಲ.’

ಈಗ ನನಗೆ ಅರ್ಥವಾಯಿತು. ಉಳಿದವರು ಸಂಕೋಚಕ್ಕೆ ‘ಸರಿಯಾಗಿದೆ’ ಎನ್ನುತ್ತಿದ್ದರು. ಅಂಕಲ್ ಸುಳ್ಳು ಹೇಳುತ್ತಿರಲಿಲ್ಲ. ಅವರ ಪಾದಕ್ಕೆ ಏನೂ ತಿಳಿಯುತ್ತಿರಲಿಲ್ಲ. ಶೂ ಹೊಂದಿಸುವವರಿಗೆ ಇದಕ್ಕಿಂತ ಅಪಾಯದ ಗಿರಾಕಿ ಇಲ್ಲ. ನನ್ನ ಮರದ ಇಳಿಜಾರು, ಬಣ್ಣದ ಯಂತ್ರ, ಯಾವುದರಿಂದಲೂ ಪ್ರಯೋಜನವಿಲ್ಲ.

‘ಅಂಕಲ್, ಇವತ್ತು ನಾನು ನಿಮಗೆ ಶೂ ಕೊಡಲ್ಲ,’ ಎಂದೆ. ‘ಮೊದಲು ಕಾಲು ಡಾಕ್ಟರಿಗೆ ತೋರಿಸಿ. ಇವತ್ತೇ.’

‘ಅಂದ್ರ? ರೊಕ್ಕಾ ಕೊಡ್ತೀನಿ ಅಂದ್ರೂ ಬೂಟು ಕೊಡೂದಿಲ್ಲೇನು?’

‘ಕೊಡಲ್ಲ.’

‘ನಾ ಎಷ್ಟು ಮಂದೀನ ಈ ಅಂಗಡಿಗೆ ಕಳಿಸೀನಿ ಗೊತ್ತೈತೇನು?’

‘ಗೊತ್ತು ಅಂಕಲ್. ಎಲ್ಲರ ಹೆಸರೂ ಗೊತ್ತು.’

ಅವರು ಹಳೆಯ ಶೂಗಳಿಗೆ ಕಾಲು ತೂರಿಸಿ ಬಾಗಿಲ ಕಡೆ ನಡೆದರು. ಅವಸರದಲ್ಲಿ ನಾನು ಬಾಗಿಲಿಗೆ ಅಡ್ಡ ನಿಂತೆ. ಅಂಗಡಿಯಲ್ಲಿ ಯಾರೂ ಮಾಡಬಾರದ ಕೆಲಸ ಅದು, ನೀವು ಮಾಡಬೇಡಿ. ಆದರೆ ನನಗೆ ಪಶ್ಚಾತ್ತಾಪವಿಲ್ಲ. ‘ಆ ಶೂ ಹಾಕ್ಕೊಂಡು ಹೋಗ್ಬೇಡಿ. ಗಾಯ ಮಾಡಿದ್ದೇ ಅದು,’ ಎಂದು ಅಂಗಡಿಯ ಮೆತ್ತನೆಯ ಅಗಲ ಚಪ್ಪಲಿ ಅವರ ಮುಂದಿಟ್ಟೆ. ಅಂಕಲ್ ಹಳೆಯ ಶೂ ಬಿಚ್ಚಿದರು. ಚಪ್ಪಲಿ ಹಾಕಿಕೊಂಡು ಹೋದರು. ಆಂಟಿ ಹಳೆಯ ಶೂಗಳನ್ನು ಕವರಿಗೆ ಹಾಕಿಕೊಳ್ಳುವಾಗ ಒಳಗೆ ಕೈ ಹಾಕಿ ತೋರಿಸಿದರು: ಎಡಗಾಲಿನ ಹಾಸು ಮುಂದೆ ಸುಕ್ಕುಗಟ್ಟಿ ಮಡಚಿಕೊಂಡಿತ್ತು. ತಿಂಗಳುಗಟ್ಟಲೆ ಅದರ ಮೇಲೇ ನಡೆದಿದ್ದಾರೆ.

ಗ್ರೆಗ್ ಎಲ್ಲವನ್ನೂ ಕೌಂಟರಿನ ಹಿಂದಿನಿಂದ ನೋಡಿದ್ದ. ಭಾಷೆ ಅರ್ಥವಾಗಿರಲಿಲ್ಲ, ಗಿರಾಕಿ ಸಿಟ್ಟಾಗಿ ಹೋದದ್ದು ಅರ್ಥವಾಗಿತ್ತು. ವಿಷಯ ಹೇಳಿದೆ. ಬೈಯುತ್ತಾನೆಂದುಕೊಂಡರೆ, ‘ಚಪ್ಪಲಿಯನ್ನು ಅಂಗಡಿಯ ಖರ್ಚಿಗೆ ಬರೆ’ ಎಂದು ಒಳಗೆ ಹೋದ. ಗ್ರೆಗ್‌ನ ಬಗ್ಗೆ ನಾನು ಬೇರೆ ಏನೇ ದೂರು ಹೇಳಿದರೂ ಇದನ್ನೂ ಹೇಳದೆ ಬಿಡುವುದಿಲ್ಲ.

ಫೆಬ್ರವರಿ ಕಳೆಯಿತು. ಐರನ್ ಮೌಂಟನ್‌ಗೆ ಗುಂಪು ಹೋಗಲಿಲ್ಲ. ಮುಂದಾಳಿಗೆ ‘ಬೇರೆ ಕೆಲಸ’ ಎಂದು ಗುಂಪಿನ ಪ್ರದೀಪ್ ಹೇಳಿದ. ಅವನು ಬೆಂಗಳೂರಿನ ಹುಡುಗ, ಅಂಗಡಿಗೆ ಆಗಾಗ ಬರುತ್ತಿದ್ದ. ನಾನು ಅವನ ಮುಂದೆ ಹುಣ್ಣಿನ ಮಾತೆತ್ತಲಿಲ್ಲ.

ಏಪ್ರಿಲ್ ಕೊನೆಗೆ ಅಂಕಲ್ ಮತ್ತೆ ಬಂದರು. ಕಾಲಲ್ಲಿ ಆಸ್ಪತ್ರೆಯ ಶೂ. ಗಾಯ ಪೂರ್ತಿ ಮಾಗಿತ್ತು, ಬೆರಳು ಉಳಿದಿತ್ತು.

‘ಡಾಕ್ಟರು ಒಂದು ನೈಲಾನ್ ದಾರ ತಗೊಂಡು ಕಾಲಿಗೆ ಚುಚ್ಚಿದ್ರು,’ ಎಂದರು. ‘ಚುಚ್ಚಿದಾಗ ಹೇಳ್ರಿ ಅಂದ್ರು. ನಾ ಕಾಯ್ಕೋಂತ ಕೂತೆ, ಯಾವಾಗ ಚುಚ್ಚತಾರ ಅಂತ. ನೋಡಿದ್ರ ಎಲ್ಲಾ ಚುಚ್ಚಿ ಮುಗಿಸ್ಯಾರ.’

ಆಂಟಿ ಮುಖ ಆಚೆ ತಿರುಗಿಸಿದರು. ಅಂಕಲ್ ಮಾತ್ರ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡು ಎಂಜಿನಿಯರ್ ದನಿಯಲ್ಲಿ ಹೇಳಿದರು: ‘ಸೆನ್ಸರ್ ಹೋಗೈತಿ ತಂಗಿ. ಸೆನ್ಸರ್ ಹೋದ್ ಮ್ಯಾಲೆ ಟವರ್ ಬಂದ್ ಮಾಡ್ತೀವೇನು? ತಾಸಿಗೊಮ್ಮೆ ಮನಶಾ ಹೋಗಿ ಕಣ್ಣಲೆ ನೋಡಿ ಬರಬೇಕು. ಡಾಕ್ಟರೂ ಅದನ್ನ ಅಂದ್ರು. ತಾಸಿಗೊಮ್ಮೆ ಬಿಚ್ಚಿ ನೋಡಿದ್ರ ಗುಡ್ಡ ಹತ್ತಬಹುದು. ಇಲ್ಲಂದ್ರ ಇಲ್ಲ.’

ಆ ದಿನ ಶೂ ಆರಿಸಲು ಒಂದೂವರೆ ಗಂಟೆ ಹಿಡಿಯಿತು. ಡಾಕ್ಟರ್ ಹೇಳಿಕಳಿಸಿದಂತೆ ಬೆರಳಿನ ಭಾಗ ಅಗಲವೂ ಎತ್ತರವೂ ಇರಬೇಕು, ಒಳಗೆ ಹೊಲಿಗೆಯ ಉಬ್ಬು ಇರಬಾರದು. ಪ್ರತಿ ಶೂವಿನ ಒಳಗೂ ಮೊದಲು ನನ್ನ ಕೈ ಹೋಯಿತು, ಆಮೇಲೆ ಆಂಟಿಯ ಕೈ. ಯಾವುದರಲ್ಲೂ ಅಂಕಲ್ ಅಭಿಪ್ರಾಯ ಕೇಳಲಿಲ್ಲ. ‘ಬರೋಬ್ಬರಿ ಐತಿ ಅನ್ನೋ ಅಧಿಕಾರನೂ ಇಲ್ಲೇನು ನನಗ?’ ಎಂದರು. ‘ಇಲ್ಲ’ ಎಂದೆವು ಇಬ್ಬರೂ. ಒಂಬತ್ತನೆಯ ಜೋಡಿ ಸರಿಹೊಂದಿತು. ಬಣ್ಣ ಮಾತ್ರ ಹಳದಿ. ಅಂಕಲ್‌ಗೆ ಹಿಡಿಸಲಿಲ್ಲ. ಬೇರೆ ಬಣ್ಣ ಇರಲಿಲ್ಲ.

ಕೆಲವು ವಾರ ಸಮತಟ್ಟಾದ ದಾರಿಗಳಲ್ಲಿ ನಡೆದು ಪಾದ ನೋಡಿಕೊಂಡ ಮೇಲೆ ಡಾಕ್ಟರ್ ಒಪ್ಪಿದರು. ಅಂಕಲ್ ಐರನ್ ಮೌಂಟನ್ ಗೊತ್ತುಮಾಡಿ ನನ್ನನ್ನೂ ಕರೆದರು. ಭಾನುವಾರ ರಜೆ ಹಾಕಿ ಹೋದೆ. ಗುಂಪಿಗೆ ಹುಣ್ಣಿನ ವಿಷಯ ಇನ್ನೂ ಗೊತ್ತಿರಲಿಲ್ಲ. ಹತ್ತುವಾಗ ಅರ್ಧ ದಾರಿಯಲ್ಲಿ ಅಂಕಲ್, ‘ನೀವು ನಡೀರಿ, ಫೋನ್ ಮಾಡಿ ಬರ್ತೀನಿ’ ಎಂದು ಆಂಟಿಯ ಜೊತೆ ಹಿಂದುಳಿದು ಕಾಲು ನೋಡಿಕೊಂಡರು. ತುದಿಯಲ್ಲಿ ಒಂದು ಬಂಡೆಯ ಮರೆಗೆ ಹೋಗಿ ಮತ್ತೆ ನೋಡಿಕೊಂಡರು. ಎರಡು ಸಲವೂ ಏನೂ ಇರಲಿಲ್ಲ. ಪುಳಿಯೋಗರೆ ತಿಂದು ಇಳಿಯತೊಡಗಿದೆವು.

ಇಳಿಯುವಾಗ ಮರೆಯಾಗುವ ಜಾಗವಿಲ್ಲ. ಕಿರಿದಾದ ದಾರಿ, ಹಿಂದೆ ಮುಂದೆ ಎಲ್ಲರೂ. ಸಮಯವಾಯಿತೆಂದು ಆಂಟಿ ಗಡಿಯಾರ ನೋಡಿ ಅಂಕಲ್ ಕಡೆ ನೋಡಿದರು. ಅಂಕಲ್ ಇನ್ನೂ ಕೆಳಗೆ ಕಾಣುವ ಪಾರ್ಕಿಂಗ್ ಲಾಟನ್ನು ನೋಡಿದರು. ಇನ್ನರ್ಧ ಗಂಟೆಯ ದಾರಿ. ಹಾಗೇ ಇಳಿದುಬಿಡುತ್ತಾರೆಂದು ನನಗನ್ನಿಸಿತು. ನಾನು ಬಾಯಿ ತೆರೆಯುವುದರೊಳಗೆ ಅವರು ಕೈಯಲ್ಲಿದ್ದ ಕೋಲೆತ್ತಿ ಗುಂಪನ್ನು ನಿಲ್ಲಿಸಿದರು.

‘ಎಲ್ಲಾರೂ ನಿಲ್ರಿ.’

ನೀರಿಗೆಂದುಕೊಂಡು ಎಲ್ಲರೂ ಬಾಟಲಿ ತೆಗೆದರು. ಅಂಕಲ್ ದಾರಿಯ ನಡುವೆಯೇ ಒಂದು ಕಲ್ಲಿನ ಮೇಲೆ ಕೂತು ಎಡಗಾಲಿನ ಶೂ ಬಿಚ್ಚಿದರು. ಬುಡಮೇಲು ಮಾಡಿ ಕೊಡವಿದರು. ಒಳಗಿಂದ ಒಂದು ಹರಳು ಬಿತ್ತು. ಹುಣಸೆಬೀಜದಷ್ಟು, ಒಂದು ಕಡೆ ಚೂಪು.

‘ಅಯ್ಯೋ ಅಂಕಲ್, ಇದನ್ನ ಇಟ್ಕೊಂಡು ನಡೀತಿದ್ರಾ?’ ಪ್ರದೀಪ್ ಕೇಳಿದ. ‘ಚುಚ್ಚಲಿಲ್ವಾ?’

ಅಂಕಲ್ ಹರಳನ್ನು ಅಂಗೈಯಲ್ಲಿಟ್ಟು ನೋಡುತ್ತಿದ್ದರು. ನಂತರ ಗುಂಪಿಗೆಲ್ಲ ಕೇಳುವಂತೆ ಹೇಳಿದರು: ‘ನನಗ ಗೊತ್ತಾಗೂದಿಲ್ಲಪಾ. ಸಕ್ಕರಿ ಕಾಯಿಲೆಗೆ ಕಾಲು ಜುಮ್ಮು ಹಿಡದೈತಿ. ಈ ವರ್ಷ ಒಂದು ಬಳ್ಳು ಹೋಗೂದಿತ್ತು.’

ಪ್ರದೀಪ್ ಬಾಟಲಿ ಪಕ್ಕಕ್ಕಿಟ್ಟು ಅಲ್ಲೇ ನೆಲಕ್ಕೆ ಕೂತು ತನ್ನ ಶೂ ಬಿಚ್ಚತೊಡಗಿದ. ‘ನನ್ನ ಹಿಮ್ಮಡಿ ಬೆಳಗ್ಗೆಯಿಂದ ಉರೀತಿದೆ ಅಂಕಲ್. ನೀವು ನಿಲ್ಲಿಸ್ಲಿಲ್ಲ ಅಂತ ನಾನೂ ಸುಮ್ನಿದ್ದೆ,’ ಎಂದ. ಅವನ ಹಿಂದಿನವರೂ ಕೂತರು.

ಗಿರಿಜಾ ಆಂಟಿ ಮಂಡಿಯೂರಿ ಅಂಕಲ್ ಪಾದವನ್ನು ಎರಡೂ ಕೈಯಲ್ಲಿ ಬಿಸಿಲಿಗೆ ಹಿಡಿದರು. ಹರಳು ಇದ್ದ ಜಾಗದಲ್ಲಿ ಕೆಂಪಗೆ ಒಂದು ಗುಳಿ. ಹೆಬ್ಬೆರಳಿನಿಂದ ಮೆಲ್ಲಗೆ ತೀಡಿದರು, ಕಾದರು, ಮತ್ತೆ ತೀಡಿದರು. ಕೆಂಪು ತಿಳಿಯಾಗುತ್ತ ಬಂತು. ಚರ್ಮ ಒಡೆದಿರಲಿಲ್ಲ.

‘ಏನೂ ಆಗಿಲ್ಲ,’ ಎಂದರು. ‘ಇನ್ನೊಂದು ಕಾಲು ಕೊಡ್ರಿ.’

ಅಂಕಲ್ ಕೊಟ್ಟರು.